ಬಾವು ಮತ್ತು ರಕ್ತನಾಳದ ಕಾವಲು ಬಾಗಿಲು



ಕಾಲಿಗೆ ಜಾಲಿಮುಳ್ಳು ಚುಚ್ಚಿತೆನ್ನಿ. ಮುಳ್ಳನ್ನು ಕಿತ್ತೆಸೆದು ನಾವು ಹೊಲದ ಕೆಲಸಕ್ಕೆ ಹೋಗುತ್ತೇವೆ. ಸಂಜೆಯ ಹೊತ್ತಿಗೆ ಆ ಜಾಗ ಕೆಂಪಗಾಗುತ್ತದೆ, ಬಿಸಿಯಾಗುತ್ತದೆ, ಊದಿಕೊಳ್ಳುತ್ತದೆ, ಮುಟ್ಟಿದರೆ ನೋಯುತ್ತದೆ. ನಾವು ಇದಕ್ಕೆ ಬಾವು ಎನ್ನುತ್ತೇವೆ, ಪಕ್ಕದ ಮನೆಯವರು ತೆಲುಗಿನಲ್ಲಿ ವಾಪು ಎನ್ನುತ್ತಾರೆ. ನಮ್ಮ ಮುಳ್ಳು ಅವರ ಮುಲ್ಲು. ನಮ್ಮ ಕೀಲುನೋವು ಅವರ ಕೀಳ್ಳ ನೊಪ್ಪಿ. ಪುಸ್ತಕದ ಕನ್ನಡದಲ್ಲಿ ಬಾವಿಗೆ ಉರಿಯೂತ ಎಂಬ ಹೆಸರಿದೆ. ಹೆಸರು ಯಾವುದಾದರೂ ಇರಲಿ, ಅನುಭವ ಎಲ್ಲರಿಗೂ ಒಂದೇ.

ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಸೆಲ್ಸಸ್ ಎಂಬ ಗ್ರಂಥಕರ್ತ ಕೆಂಪು, ಊತ, ಬಿಸಿ, ನೋವು ಎಂಬ ಈ ನಾಲ್ಕು ಲಕ್ಷಣಗಳನ್ನು ಬರೆದಿಟ್ಟ. ಮುಳ್ಳಿನ ಬಾವು ಮೂರು ನಾಲ್ಕು ದಿನದಲ್ಲಿ ಇಳಿಯುತ್ತದೆ. ಆದರೆ ಇಳಿಯದ ಬಾವುಗಳೂ ಇವೆ. ಬೆಳಿಗ್ಗೆ ಎದ್ದಾಗ ಕೈಬೆರಳು ಮಡಿಸಲಾಗದ ಸಂಧಿವಾತ, ಕರುಳಿನ ಒಳಗೆ ಹುಣ್ಣಾಗಿಸುವ ಬಾವು, ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಕಟ್ಟಿಸುವ ಬಾವು ಇಂಥವು. ಮುಳ್ಳಿಲ್ಲದೆಯೂ ಬರುವ, ಬಂದಮೇಲೆ ಹೋಗದಿರುವ ಈ ಬಾವಿಗೆ ಕಾರಣವೇನು, ಅದನ್ನು ತಡೆಯುವ ಜಾಗ ಯಾವುದು ಎಂಬ ಹುಡುಕಾಟದ ಚರಿತ್ರೆಯನ್ನು ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ. ನಾನು ವೈದ್ಯನಲ್ಲ. ಹತ್ತನೆಯ ತರಗತಿ ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಕ್ಕ ಬರೆದು ನಿವೃತ್ತನಾದವನು. ಜಮೆ ಎಷ್ಟು, ಖರ್ಚು ಎಷ್ಟು, ತಾಳೆಯಾಯಿತೇ ಎಂದು ನೋಡುವ ಅಭ್ಯಾಸ ಮಾತ್ರ ಹೋಗಿಲ್ಲ. ಈ ಚರಿತ್ರೆಯನ್ನೂ ಹಾಗೆಯೇ ನೋಡಿದ್ದೇನೆ.

ರಕ್ತನಾಳವೆಂದರೆ ರಕ್ತ ಹರಿಯುವ ಕೊಳವೆ, ಅಷ್ಟೇ ಎಂದು ಬಹುಕಾಲ ಎಲ್ಲರೂ ತಿಳಿದಿದ್ದರು. 1867ರಲ್ಲಿ ಬರ್ಲಿನ್ ನಗರದಲ್ಲಿ ಯೂಲಿಯಸ್ ಕೋನ್‌ಹೈಮ್ ಎಂಬ ಇಪ್ಪತ್ತೆಂಟು ವರ್ಷದ ತರುಣ ವೈದ್ಯ ಕಪ್ಪೆಯ ಕರುಳಿನ ತೆಳುಪೊರೆಯನ್ನು ಸೂಕ್ಷ್ಮದರ್ಶಕದ ಕೆಳಗೆ ಹರವಿ ಗಂಟೆಗಟ್ಟಲೆ ನೋಡುತ್ತ ಕುಳಿತರು. ಪೊರೆಯಲ್ಲಿ ಬಾವು ಏಳತೊಡಗಿದಂತೆ, ರಕ್ತದೊಡನೆ ಓಡುತ್ತಿದ್ದ ಬಿಳಿ ಕಣಗಳು ನಾಳದ ಗೋಡೆಯ ಬಳಿಗೆ ಸರಿದವು, ಅಲ್ಲಿ ಅಂಟಿಕೊಂಡವು, ಆಮೇಲೆ ಒಂದೊಂದಾಗಿ ಗೋಡೆಯನ್ನು ದಾಟಿ ಹೊರಗೆ ಬಂದವು. ಅವರಿಗಿಂತ ಮೊದಲು 1824ರಲ್ಲಿ ಫ್ರಾನ್ಸಿನ ದ್ಯುತ್ರೋಶೆ, 1846ರಲ್ಲಿ ಇಂಗ್ಲೆಂಡಿನ ವಾಲರ್ ಇದನ್ನು ಕಂಡು ಬರೆದಿದ್ದರೂ ಯಾರೂ ಹೆಚ್ಚು ಗಮನ ಕೊಟ್ಟಿರಲಿಲ್ಲ. ಕೋನ್‌ಹೈಮ್ ಒಂದು ಹೆಜ್ಜೆ ಮುಂದೆ ಹೋದರು. ಕೀವು ಎಂದು ನಾವು ಕರೆಯುವುದು ರಕ್ತನಾಳದಿಂದ ಹೊರಬಂದ ಇದೇ ಬಿಳಿ ಕಣಗಳ ರಾಶಿ ಎಂದರು. ನಾಳದ ಗೋಡೆಯಲ್ಲಿ ಏನೋ ಒಂದು ಬದಲಾವಣೆಯಾಗದೆ ಬಾವು ಬಾರದು ಎಂದೂ ಹೇಳಿದರು. ಆ ಬದಲಾವಣೆ ಏನೆಂದು ತೋರಿಸಲು ಆಗಿನ ಉಪಕರಣಗಳಿಗೆ ಶಕ್ತಿಯಿರಲಿಲ್ಲ. 1884ರಲ್ಲಿ, ತಮ್ಮ ನಲವತ್ತೈದನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಅವರು ಬಿಟ್ಟುಹೋದ ಪ್ರಶ್ನೆ ನೂರು ವರ್ಷ ಕಾದಿತ್ತು.

ಹೊರಬಂದ ಬಿಳಿ ಕಣಗಳು ಅಲ್ಲಿ ಮಾಡುವುದೇನು ಎಂಬುದಕ್ಕೆ ಉತ್ತರ ಬೇರೆ ಕಡೆಯಿಂದ ಬಂತು. 1882ರಲ್ಲಿ ಇಟಲಿಯ ಮೆಸ್ಸಿನಾ ಊರಿನ ಕಡಲ ತೀರದಲ್ಲಿ ರಷ್ಯದ ವಿಜ್ಞಾನಿ ಮೆಚ್ನಿಕಾಫ್ ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಗುಲಾಬಿಯ ಮುಳ್ಳನ್ನು ಚುಚ್ಚಿದರು. ಮಾರನೆಯ ದಿನ ನೋಡಿದರೆ ಅಲೆಮಾರಿ ಕಣಗಳು ಮುಳ್ಳಿನ ಸುತ್ತ ಮುತ್ತಿಗೆ ಹಾಕಿದ್ದವು. ಪರಕೀಯ ವಸ್ತುವನ್ನು ನುಂಗುವುದೇ ಅವುಗಳ ಕೆಲಸವೆಂದು ಅವರು ತಿಳಿಸಿದರು. 1908ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಬಾವು ಮೈಯ ಕಾವಲು ಪಡೆ ಎಂಬುದು ಹೀಗೆ ಗೊತ್ತಾಯಿತು. ಶತ್ರುವಿಲ್ಲದ ಕಡೆಗೂ ಆ ಪಡೆ ನುಗ್ಗಿದರೆ ಮಾತ್ರ ಅದೇ ರೋಗ.

ರಾಯದುರ್ಗದ ಬೆಟ್ಟವನ್ನೋ ಆದವಾನಿಯ ಕೋಟೆಯನ್ನೋ ಹತ್ತಿ ನೋಡಿದವರಿಗೆ ಕೋಟೆಗೋಡೆಯ ಮರ್ಮ ಗೊತ್ತಿದೆ. ಗೋಡೆಯಷ್ಟೇ ಇದ್ದರೆ ಸಾಲದು, ಬಾಗಿಲು ಬೇಕು, ಬಾಗಿಲಿಗೆ ಆಳು ಬೇಕು. ಯಾರನ್ನು ಬಿಡಬೇಕು, ಯಾರನ್ನು ಬಿಡಬಾರದು ಎಂದು ಆ ಆಳಿಗೆ ತಿಳಿದಿರಬೇಕು. ನಮ್ಮ ರಕ್ತನಾಳಗಳ ಒಳಮೈಗೆ ಒಂದೇ ಒಂದು ಸಾಲು ಜೀವಕೋಶಗಳ ಹಾಸು ಇದೆ. ಅದನ್ನು ಒಳಪೊರೆ ಎನ್ನೋಣ. ಈ ಪೊರೆಯ ರಕ್ತದ ಕಡೆಯ ಮುಖದಲ್ಲಿ ನಾನಾ ಬಗೆಯ ಕಾವಲಿನ ಆಳುಗಳು ನಿಂತಿದ್ದಾರೆ. ಅವರಲ್ಲಿ ಕೆಲವರು ಕಿಣ್ವಗಳು. ಕಿಣ್ವವೆಂದರೆ ಒಂದು ಪದಾರ್ಥವನ್ನು ಇನ್ನೊಂದಾಗಿ ಬದಲಾಯಿಸಿಯೂ ತಾನು ಖರ್ಚಾಗದೆ ಉಳಿಯುವ ಪ್ರೋಟೀನು. ರೊಟ್ಟಿಯ ತುಂಡನ್ನು ಬಾಯಲ್ಲಿಟ್ಟು ಬಹಳ ಹೊತ್ತು ಅಗಿದರೆ ಸಿಹಿಯಾಗುತ್ತದಲ್ಲ, ಅದು ಎಂಜಲಿನ ಕಿಣ್ವ ಹಿಟ್ಟನ್ನು ಸಕ್ಕರೆಯಾಗಿಸುವ ಕೆಲಸ. ಅಂಥದೇ ಕೆಲಸಗಾರರು ರಕ್ತನಾಳದ ಗೋಡೆಯ ಮೇಲೂ ಇದ್ದಾರೆ. ಅವರಲ್ಲಿ ಮೂವರ ಕಥೆ ಈಗ ಕೇಳಿ.

ಮೊದಲನೆಯದು ಬ್ರೆಜಿಲ್ ದೇಶದ ಹಾವಿನಿಂದ ಶುರುವಾಗುತ್ತದೆ. ಅಲ್ಲಿ ಜರರಾಕಾ ಎಂಬ ಮಂಡಲದ ಜಾತಿಯ ಹಾವಿದೆ. 1949ರಲ್ಲಿ ಸಾವೊ ಪಾಲೊ ನಗರದ ಮೌರಿಸಿಯೊ ರೋಶಾ ಇ ಸಿಲ್ವಾ ಮತ್ತು ಸಂಗಡಿಗರು ಈ ಹಾವಿನ ವಿಷವನ್ನು ರಕ್ತದ ಅಂಶಕ್ಕೆ ಸೇರಿಸಿದಾಗ ಒಂದು ಹೊಸ ಪದಾರ್ಥ ಹುಟ್ಟುವುದನ್ನು ಕಂಡು ಅದಕ್ಕೆ ಬ್ರಾಡಿಕೈನಿನ್ ಎಂದು ಹೆಸರಿಟ್ಟರು. ಇದು ರಕ್ತನಾಳವನ್ನು ಸಡಿಲಿಸುತ್ತದೆ, ನೋವು ತರುತ್ತದೆ, ನಾಳದಿಂದ ನೀರು ಸೋರುವಂತೆ ಮಾಡುತ್ತದೆ. ಬಾವಿನ ಲಕ್ಷಣಗಳೆಲ್ಲ ಇದರಲ್ಲಿವೆ. ಅದೇ ದೇಶದ ಸೆರ್ಜಿಯೊ ಫೆರೇರಾ 1965ರಲ್ಲಿ ಇನ್ನೊಂದು ಸಂಗತಿ ತಿಳಿಸಿದರು. ಹಾವಿನ ವಿಷದಲ್ಲಿಯೇ ಬ್ರಾಡಿಕೈನಿನ್ನಿನ ಜೋರನ್ನು ಹೆಚ್ಚಿಸುವ ಬೇರೊಂದು ಅಂಶವಿದೆ. ಅದನ್ನು ಒಡೆದುಹಾಕುವ ಕಿಣ್ವದ ಕೈ ಕಟ್ಟುವುದೇ ಈ ಅಂಶದ ಉಪಾಯ.

ಆ ಕಿಣ್ವ ಯಾವುದು? 1956ರಲ್ಲಿ ಅಮೆರಿಕದ ಲಿಯೊನಾರ್ಡ್ ಸ್ಕೆಗ್ಸ್ ರಕ್ತದೊತ್ತಡವನ್ನು ಏರಿಸುವ ಒಂದು ಕಿಣ್ವವನ್ನು ಕಂಡುಹಿಡಿದಿದ್ದರು. ಅದನ್ನು ಚಿಕ್ಕದಾಗಿ ಎಸಿಇ ಎನ್ನುತ್ತಾರೆ. ಅದು ಆಂಜಿಯೊಟೆನ್ಸಿನ್ ಎಂಬ ಪದಾರ್ಥವನ್ನು ರಕ್ತನಾಳ ಬಿಗಿಯುವ ರೂಪಕ್ಕೆ ತರುತ್ತದೆ. 1967ರಲ್ಲಿ ಲಂಡನ್ನಿನ ಜಾನ್ ವೇನ್ ಮತ್ತು ಜೊತೆಗಾರರು ಈ ಕೆಲಸ ಹೆಚ್ಚಾಗಿ ನಡೆಯುವುದು ಶ್ವಾಸಕೋಶವನ್ನು ದಾಟುವಾಗ ಎಂದು ತೋರಿಸಿದರು. 1970ರ ಹೊತ್ತಿಗೆ ಒತ್ತಡ ಏರಿಸುವ ಕಿಣ್ವವೂ ಬ್ರಾಡಿಕೈನಿನ್ ಒಡೆಯುವ ಕಿಣ್ವವೂ ಒಂದೇ ಎಂದು ತಿಳಿಯಿತು. 1970ರ ದಶಕದ ನಡುವಿನಲ್ಲಿ ಅದು ನಿಂತ ಜಾಗವೂ ಪತ್ತೆಯಾಯಿತು. ಅದು ರಕ್ತನಾಳದ ಒಳಪೊರೆಯ ಮೇಲ್ಮೈ. ಕೋನ್‌ಹೈಮ್ ಮಾತನಾಡಿದ ಗೋಡೆಯ ಮೇಲೆಯೇ ಒಬ್ಬ ಕೆಲಸಗಾರ ಎರಡು ಕೈಯಲ್ಲಿ ಎರಡು ಕೆಲಸ ಮಾಡುತ್ತ ನಿಂತಿದ್ದ.

ಅಮೆರಿಕದ ಸ್ಕ್ವಿಬ್ ಕಂಪನಿಯ ಡೇವಿಡ್ ಕುಶ್‌ಮನ್ ಮತ್ತು ಮಿಗೆಲ್ ಒಂಡೆಟ್ಟಿ ಹಾವಿನ ವಿಷದ ಆ ಅಂಶವನ್ನು ಮಾದರಿಯಾಗಿಟ್ಟುಕೊಂಡು ನುಂಗುವ ಗುಳಿಗೆಯೊಂದನ್ನು ರೂಪಿಸಿದರು. ಅದೇ ಕ್ಯಾಪ್ಟೊಪ್ರಿಲ್. 1981ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆಯಿತು. ನಮ್ಮ ಹಳ್ಳಿಯ ಹಿರಿಯರ ಬಿಪಿ ಗುಳಿಗೆಗಳ ಚೀಟಿ ನೋಡಿದರೆ ಎನಾಲಾಪ್ರಿಲ್, ರಾಮಿಪ್ರಿಲ್ ಎಂಬ ಹೆಸರುಗಳು ಕಾಣುತ್ತವೆ. ಎಲ್ಲವೂ ಅದೇ ವಂಶದವು. ಇವನ್ನು ತೆಗೆದುಕೊಳ್ಳುವ ಕೆಲವರಿಗೆ ಬಿಡದ ಒಣಕೆಮ್ಮು ಬರುತ್ತದೆ. ಕಿಣ್ವದ ಒಂದು ಕೈ ಕಟ್ಟಿದಾಗ ಇನ್ನೊಂದು ಕೈಯೂ ನಿಲ್ಲುತ್ತದೆ, ಒಡೆಯದೆ ಉಳಿದ ಬ್ರಾಡಿಕೈನಿನ್ ಗಂಟಲನ್ನು ಕೆರಳಿಸುತ್ತದೆ ಎಂಬುದು ಅದಕ್ಕೆ ಕೊಡುವ ಮುಖ್ಯ ಕಾರಣ. ಅಂಥ ಕೆಮ್ಮು ಬಂದವರು ಗುಳಿಗೆಯನ್ನು ತಾವೇ ಬಿಡದೆ ವೈದ್ಯರಿಗೆ ತಿಳಿಸಿದರೆ ಅವರು ಬೇರೆ ಗುಳಿಗೆ ಬರೆದುಕೊಡುತ್ತಾರೆ. ಗೋಡೆಯ ಮೇಲಿನ ಕಿಣ್ವವನ್ನು ಗುಳಿಗೆಯಿಂದ ಹಿಡಿದು ನಿಲ್ಲಿಸಬಹುದು ಎಂಬ ಧೈರ್ಯ ವಿಜ್ಞಾನಿಗಳಿಗೆ ಬಂದದ್ದು ಇಲ್ಲಿಂದ. ಆದರೆ ಇದು ರಕ್ತದೊತ್ತಡದ ಔಷಧವಾಯಿತು. ಬಾವಿನ ಬಾಗಿಲು ಇನ್ನೂ ಹಾಗೆಯೇ ಇತ್ತು.

ಎರಡನೆಯ ಕಥೆ ಫಿನ್‌ಲೆಂಡ್ ದೇಶದ ತುರ್ಕು ಎಂಬ ಊರಿನದು. ನಮ್ಮ ಶ್ರೋತೃಗಳಿಗೆ ಈ ಊರಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಆ ದೇಶದಲ್ಲಿ ಫಿನ್ನಿಶ್ ಆಡುವವರು ಬಹುಸಂಖ್ಯಾತರು, ಸ್ವೀಡಿಶ್ ಆಡುವವರು ನೂರಕ್ಕೆ ಐದರಷ್ಟು. ಆದರೂ ಎರಡೂ ರಾಷ್ಟ್ರಭಾಷೆಗಳು. ತುರ್ಕುವಿಗೆ ಸ್ವೀಡಿಶ್ ಭಾಷೆಯಲ್ಲಿ ಓಬೊ ಎಂದು ಹೆಸರು. ಆ ಒಂದೇ ಊರಿನಲ್ಲಿ ಸ್ವೀಡಿಶ್ ಭಾಷೆಯ ವಿಶ್ವವಿದ್ಯಾಲಯವೊಂದು, ಫಿನ್ನಿಶ್ ಭಾಷೆಯದೊಂದು ಇವೆ. ಎರಡು ಭಾಷೆಯ ನಡುವೆ ಬದುಕುವ ನಮಗೆ ಇದು ಕೇಳಲು ಹಿತವಾದ ಸುದ್ದಿ.

ಅಲ್ಲಿನ ಸಿರ್ಪಾ ಯಾಲ್ಕನೆನ್ ಎಂಬ ಮಹಿಳೆ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬಿಳಿ ಕಣಗಳ ಸಂಚಾರವನ್ನು ಅಭ್ಯಾಸ ಮಾಡಿ ಊರಿಗೆ ಮರಳಿದವರು. ಓಡುವ ರಕ್ತದಲ್ಲಿರುವ ಬಿಳಿ ಕಣ ಸರಿಯಾಗಿ ಬಾವಿರುವ ಕೀಲಿನ ಬಳಿಯೇ ಹೇಗೆ ಇಳಿಯುತ್ತದೆ? ಬಸ್ಸಿನಲ್ಲಿ ಕುಳಿತವನು ತನ್ನೂರು ಬಂದಾಗ ಇಳಿಯಬೇಕಾದರೆ ಅಲ್ಲೊಂದು ಗುರುತಿನ ಹಲಗೆ ಇರಬೇಕು. ಅಂಥ ಹಲಗೆಯನ್ನೇ ಅವರು ಹುಡುಕುತ್ತಿದ್ದರು. ಸಂಧಿವಾತದ ರೋಗಿಗಳ ಕೀಲಿನ ಪೊರೆಯಿಂದ ತೆಗೆದ ರಕ್ತನಾಳದ ಅಂಶವನ್ನು ಬಳಸಿ ಪ್ರತಿಕಾಯಗಳನ್ನು ತಯಾರಿಸಿ, ಅವು ಯಾವುದಕ್ಕೆ ಅಂಟುತ್ತವೆಂದು ನೋಡಿದರು. 1992ರಲ್ಲಿ ಯಾಲ್ಕನೆನ್ ಮತ್ತು ಅವರ ಶಿಷ್ಯ ಮಾರ್ಕೊ ಸಾಲ್ಮಿ ಸೈನ್ಸ್ ಪತ್ರಿಕೆಯಲ್ಲಿ ಹೊಸ ಅಣುವೊಂದನ್ನು ಪ್ರಕಟಿಸಿದರು. ಅದರ ಹೆಸರು ವ್ಯಾಪ್-1. ಸಾಮಾನ್ಯ ಸ್ಥಿತಿಯಲ್ಲಿ ಇದು ಒಳಪೊರೆಯ ಕೋಶಗಳ ಒಳಗೆ ಚೀಲಗಳಲ್ಲಿ ಅಡಗಿರುತ್ತದೆ. ಬಾವು ಎದ್ದಾಗ ಮೇಲ್ಮೈಗೆ ಬಂದು ಬಿಳಿ ಕಣಗಳಿಗೆ ಇಳಿದಾಣವಾಗುತ್ತದೆ.

ಆರು ವರ್ಷ ಕಳೆದು 1998ರಲ್ಲಿ ಇದರ ರಚನೆ ತಿಳಿದಾಗ ಎಲ್ಲರಿಗೂ ಆಶ್ಚರ್ಯ ಕಾದಿತ್ತು. ಅಂಟುವ ಅಣುವೆಂದು ತಿಳಿದದ್ದು ಕಿಣ್ವವಾಗಿತ್ತು. ರಕ್ತನಾಳಗಳಲ್ಲಿ ಇಂಥದೊಂದು ಕಿಣ್ವವಿದೆಯೆಂದು ದಶಕಗಳಿಂದ ಗೊತ್ತಿದ್ದರೂ ಅದು ಅಲ್ಲಿ ಯಾಕಿದೆ ಎಂದು ಯಾರಿಗೂ ತಿಳಿದಿರಲಿಲ್ಲ. ಅದು ಅಮೀನ್ ಎಂಬ ಜಾತಿಯ ಪದಾರ್ಥಗಳನ್ನು ಒಡೆಯುತ್ತದೆ. ಒಡೆಯುವಾಗ ಹೈಡ್ರೊಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಗಾಯ ತೊಳೆದಾಗ ನೊರೆನೊರೆಯಾಗಿ ಏಳುವ ದ್ರಾವಣವನ್ನು ದವಾಖಾನೆಯಲ್ಲಿ ನೋಡಿದ್ದೀರಲ್ಲ, ಅದೇ ಪದಾರ್ಥ, ಆದರೆ ಅತ್ಯಲ್ಪ ಪ್ರಮಾಣದಲ್ಲಿ. ಆ ಅಲ್ಪ ಪ್ರಮಾಣವೇ ಒಳಪೊರೆಗೆ ಸಂಕೇತ ಕೊಟ್ಟು, ಬಿಳಿ ಕಣಗಳನ್ನು ಹಿಡಿಯುವ ಇನ್ನಷ್ಟು ಅಣುಗಳನ್ನು ಮೇಲಕ್ಕೆ ಕರೆಯುತ್ತದೆ. 2001ರಲ್ಲಿ ತುರ್ಕುವಿನವರು ಈ ಕಿಣ್ವದ ಕೆಲಸವನ್ನು ತಡೆದರೆ ಬಿಳಿ ಕಣಗಳು ಗೋಡೆ ದಾಟುವುದು ಕಡಿಮೆಯಾಗುತ್ತದೆಂದು ತೋರಿಸಿದರು. 2005ರಲ್ಲಿ, ಈ ಕಿಣ್ವವೇ ಇಲ್ಲದ ಇಲಿಗಳಲ್ಲಿಯೂ ಅದು ನಿಜವಾಯಿತು.

ಹಾಗಾದರೆ ಔಷಧ ಬಂತೇ ಎಂದು ನೀವು ಕೇಳುತ್ತೀರಿ. ಪ್ರಯತ್ನಗಳು ನಡೆದವು. ವ್ಯಾಪ್-1ಕ್ಕೆ ಅಂಟುವ ಟಿಮೊಲುಮ್ಯಾಬ್ ಎಂಬ ಪ್ರತಿಕಾಯವನ್ನು ಪಿತ್ತನಾಳಗಳು ಬಾವಿನಿಂದ ಕಟ್ಟಿಹೋಗುವ ಒಂದು ಅಪರೂಪದ ಕಾಯಿಲೆಯವರಿಗೆ ಬ್ರಿಟನ್ನಿನಲ್ಲಿ ಕೊಟ್ಟು ನೋಡಿದರು. ನಿರೀಕ್ಷಿಸಿದ ಗುಣ ಕಾಣಲಿಲ್ಲ. ಆಸ್ಟ್ರೇಲಿಯದ ಫಾರ್ಮಾಕ್ಸಿಸ್ ಕಂಪನಿ ಈ ಕಿಣ್ವವನ್ನು ತಡೆಯುವ ಗುಳಿಗೆಯೊಂದನ್ನು ತಯಾರಿಸಿತು. 2015ರಲ್ಲಿ ಜರ್ಮನಿಯ ಬೋರಿಂಗರ್ ಕಂಪನಿ ಅದನ್ನು ಕೊಂಡುಕೊಂಡು, ಕೊಬ್ಬಿನಿಂದ ಪಿತ್ತಜನಕಾಂಗಕ್ಕೆ ಬಾವು ಬಂದವರಲ್ಲಿ ಪರೀಕ್ಷಿಸಿತು. ಬೇರೆ ಔಷಧಗಳ ಜೊತೆ ಸೇರಿದಾಗ ತೊಂದರೆಯಾದೀತೆಂಬ ಕಾರಣದಿಂದ 2019ರ ಡಿಸೆಂಬರಿನಲ್ಲಿ ಆ ಕಾಯಿಲೆಗೆ ಅದರ ಕೆಲಸವನ್ನು ನಿಲ್ಲಿಸಿತು. ಇಲಿಯ ಲೆಕ್ಕ ತಾಳೆಯಾದರೂ ಮನುಷ್ಯನ ಲೆಕ್ಕ ತಾಳೆಯಾಗಲಿಲ್ಲ. ಕೋಟೆಗೆ ಒಂದೇ ಬಾಗಿಲಿದ್ದರೆ ಅದನ್ನು ಮುಚ್ಚಿ ನಿಶ್ಚಿಂತೆಯಿಂದ ಇರಬಹುದು. ಮನುಷ್ಯನ ರಕ್ತನಾಳಕ್ಕೆ ದಿಡ್ಡಿಬಾಗಿಲುಗಳು ಬಹಳ.

ಮೂರನೆಯ ಕಥೆಗೆ ನಮ್ಮ ಗಡಿಯ ಶ್ರೋತೃಗಳು ಕಿವಿಗೊಡಬೇಕು. ಅದರ ಮೊದಲ ಪುಟದಲ್ಲಿ ಒಬ್ಬ ತೆಲುಗು ಮನುಷ್ಯ ಇದ್ದಾರೆ. ಯೆಲ್ಲಾಪ್ರಗಡ ಸುಬ್ಬರಾವು ಹುಟ್ಟಿದ್ದು 1895ರಲ್ಲಿ, ಗೋದಾವರಿ ಸೀಮೆಯ ಭೀಮವರದಲ್ಲಿ. ಮದರಾಸಿನಲ್ಲಿ ವೈದ್ಯ ಓದಿ ಅಮೆರಿಕದ ಬಾಸ್ಟನ್ನಿಗೆ ಹೋದರು. 1929ರಲ್ಲಿ ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕೆ ಅವರ ಜೊತೆಗೂಡಿ ಸ್ನಾಯುವಿನಲ್ಲಿರುವ ಎಟಿಪಿ ಎಂಬ ಪದಾರ್ಥವನ್ನು ಪ್ರಕಟಿಸಿದರು. ಅದೇ ವರ್ಷ ಜರ್ಮನಿಯ ಕಾರ್ಲ್ ಲೋಮನ್ ಕೂಡ ಬೇರೆಯಾಗಿ ಅದನ್ನು ಕಂಡರು. ಜೀವಕೋಶದ ಎಲ್ಲ ಕೆಲಸಕ್ಕೂ ಶಕ್ತಿ ಒದಗಿಸುವ ಚಿಲ್ಲರೆ ನಾಣ್ಯ ಈ ಎಟಿಪಿ. ಮುಂದೆ ಸುಬ್ಬರಾವು ನ್ಯೂಯಾರ್ಕ್ ರಾಜ್ಯದ ಲೆಡರ್ಲಿ ಪ್ರಯೋಗಶಾಲೆಯಲ್ಲಿ ಸಂಶೋಧನೆಯ ಮುಖ್ಯಸ್ಥರಾದರು. ಆನೆಕಾಲು ರೋಗಕ್ಕೆ ಸರ್ಕಾರದವರು ಹಂಚುವ ಡಿಇಸಿ ಗುಳಿಗೆ ಅವರ ತಂಡದ್ದು. ಮಕ್ಕಳ ರಕ್ತದ ಕ್ಯಾನ್ಸರಿಗೆ 1948ರಲ್ಲಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಬಳಸಿದ ಅಮಿನೊಪ್ಟೆರಿನ್, ಅದರ ತಮ್ಮನಂತಿರುವ ಮೆಥೊಟ್ರೆಕ್ಸೇಟ್ ಹುಟ್ಟಿದ್ದೂ ಅದೇ ಪ್ರಯೋಗಶಾಲೆಯಲ್ಲಿ. 1948ರ ಆಗಸ್ಟಿನಲ್ಲಿ ಸುಬ್ಬರಾವು ತೀರಿಕೊಂಡರು.

ಎಟಿಪಿ ಕೋಶದ ಒಳಗಿದ್ದರೆ ಶಕ್ತಿ, ಹೊರಗೆ ಚೆಲ್ಲಿದರೆ ಅಪಾಯದ ಗಂಟೆ. ಕೋಶ ಗಾಯಗೊಂಡು ಒಡೆದಾಗ ಎಟಿಪಿ ಹೊರಗೆ ಸುರಿಯುತ್ತದೆ, ಸುತ್ತಲಿನ ಬಿಳಿ ಕಣಗಳು ಎಚ್ಚೆತ್ತು ಬಾವು ಏಳುತ್ತದೆ. ಆ ಗಂಟೆಯನ್ನು ಯಾರಾದರೂ ನಿಲ್ಲಿಸಬೇಕಲ್ಲ? ಒಳಪೊರೆಯ ಮೇಲೆ ಅದಕ್ಕೆಂದು ಇಬ್ಬರು ಅಕ್ಕಪಕ್ಕದಲ್ಲಿ ನಿಂತಿದ್ದಾರೆ. ಸಿಡಿ 39 ಎಂಬ ಕಿಣ್ವ ಎಟಿಪಿಯ ಎರಡು ಕೊಂಡಿಗಳನ್ನು ಕಳಚುತ್ತದೆ. ಉಳಿದ ಒಂದು ಕೊಂಡಿಯನ್ನು ಸಿಡಿ 73 ಎಂಬ ಕಿಣ್ವ ಕಳಚುತ್ತದೆ. ಕೊನೆಗೆ ಉಳಿಯುವುದು ಅಡೆನೊಸಿನ್. ಅದರ ಸ್ವಭಾವ ಎಟಿಪಿಗೆ ನೇರ ವಿರುದ್ಧ. ಅದು ಬಿಳಿ ಕಣಗಳನ್ನು ಸಮಾಧಾನಪಡಿಸುತ್ತದೆ, ಗೋಡೆಯ ಸಂದುಗಳನ್ನು ಬಿಗಿಮಾಡಿ ಸೋರಿಕೆ ತಡೆಯುತ್ತದೆ. ಕೂಗೆಬ್ಬಿಸುವ ಪದಾರ್ಥದಿಂದಲೇ ಶಾಂತಿಯ ಪದಾರ್ಥ ಮಾಡುವ ವ್ಯವಸ್ಥೆ ಇದು. ಸಿಡಿ 73 ಇಲ್ಲದ ಇಲಿಗಳಿಗೆ ಆಮ್ಲಜನಕ ಕಡಿಮೆಯಾದಾಗ ರಕ್ತನಾಳಗಳು ಹೆಚ್ಚು ಸೋರುತ್ತವೆಂದು 2004ರಲ್ಲಿ ಅಮೆರಿಕದ ಲಿಂಡಾ ಥಾಂಪ್ಸನ್ ಮತ್ತು ಸಂಗಡಿಗರು ತೋರಿಸಿದರು.

ಇಲ್ಲಿ ಸುಬ್ಬರಾವು ಅವರ ಎರಡು ಎಳೆಗಳು ಕೂಡುತ್ತವೆ. 1951ರಲ್ಲಿ ಅಮೆರಿಕದ ಗಬ್ನರ್ ಎಂಬ ವೈದ್ಯರು ಅಮಿನೊಪ್ಟೆರಿನ್‌ನಿಂದ ಸಂಧಿವಾತ ಇಳಿಯುತ್ತದೆಂದು ಬರೆದರು. ಆಗಷ್ಟೇ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಬಂದಿತ್ತು. ಅದನ್ನು ಸಂಧಿವಾತಕ್ಕೆ ಬಳಸಿ ತೋರಿಸಿದ ಫಿಲಿಪ್ ಹೆಂಚ್ ಮತ್ತು ಇನ್ನಿಬ್ಬರಿಗೆ 1950ರಲ್ಲಿ ನೊಬೆಲ್ ಬಂದಿತ್ತು. ಆ ಬೆಳಕಿನ ಮುಂದೆ ಗಬ್ನರ್ ಅವರ ಮಾತು ಯಾರಿಗೂ ಕೇಳಲಿಲ್ಲ. ಸ್ಟೀರಾಯ್ಡಿನ ಕೆಡುಕುಗಳು ಒಂದೊಂದಾಗಿ ಕಂಡಮೇಲೆ ಹಳೆಯ ಮಾತು ನೆನಪಾಯಿತು. 1985ರಲ್ಲಿ ಕ್ರಮಬದ್ಧ ಪರೀಕ್ಷೆ ನಡೆದು, 1988ರಲ್ಲಿ ಅಮೆರಿಕದಲ್ಲಿ ಮೆಥೊಟ್ರೆಕ್ಸೇಟ್ ಗುಳಿಗೆಗೆ ಸಂಧಿವಾತದ ಔಷಧವಾಗಿ ಅನುಮತಿ ದೊರೆಯಿತು. ಕ್ಯಾನ್ಸರಿಗೆ ಕೊಡುವ ಮದ್ದು ಅಷ್ಟು ಕಡಿಮೆ ಪ್ರಮಾಣದಲ್ಲಿ ಕೀಲಿನ ಬಾವನ್ನು ಹೇಗೆ ಇಳಿಸುತ್ತದೆ? ನ್ಯೂಯಾರ್ಕಿನ ಬ್ರೂಸ್ ಕ್ರೋನ್‌ಸ್ಟೈನ್ 1990ರ ದಶಕದಲ್ಲಿ ಕೊಟ್ಟ ಉತ್ತರ ಇದು. ಮೆಥೊಟ್ರೆಕ್ಸೇಟ್ ತೆಗೆದುಕೊಂಡಾಗ ಬಾವಿನ ಜಾಗದಲ್ಲಿ ಅಡೆನೊಸಿನ್ ಹೆಚ್ಚುತ್ತದೆ. ಸಿಡಿ 73 ಇಲ್ಲದ ಇಲಿಗಳಲ್ಲಿ ಈ ಗುಣ ಕಾಣುವುದಿಲ್ಲವೆಂದು ಅವರ ತಂಡ 2007ರಲ್ಲಿ ತೋರಿಸಿತು. ಇದೊಂದೇ ಕಾರಣವಲ್ಲದಿದ್ದರೂ ಕಾರಣಗಳಲ್ಲಿ ಮುಖ್ಯವಾದುದು. ಸುಬ್ಬರಾವು ಗುರುತಿಸಿದ ಎಟಿಪಿಯನ್ನು ಕಳಚುವ ಕೆಲಸಗಾರನ ನೆರವಿನಿಂದಲೇ ಅವರ ಪ್ರಯೋಗಶಾಲೆಯ ಮದ್ದು ಕೆಲಸ ಮಾಡುತ್ತದೆ. ಅವರಿಗೆ ಇದು ತಿಳಿಯುವ ಅವಕಾಶವೇ ಇರಲಿಲ್ಲ.

ನಮ್ಮ ಹಳ್ಳಿಗಳಲ್ಲಿಯೂ ಸಂಧಿವಾತಕ್ಕೆ ಈ ಗುಳಿಗೆ ತೆಗೆದುಕೊಳ್ಳುವವರಿದ್ದಾರೆ. ಅವರ ಮನೆಯವರು ಒಂದು ಮಾತು ಗಟ್ಟಿಯಾಗಿ ನೆನಪಿಡಬೇಕು. ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ಕೊಡುವುದು ವಾರಕ್ಕೆ ಒಂದು ದಿನ. ದಿನವೂ ತಿನ್ನುವ ಗುಳಿಗೆಯೆಂದು ತಿಳಿದು ನುಂಗಿದವರು ಪ್ರಾಣಾಪಾಯಕ್ಕೆ ಒಳಗಾಗಿದ್ದಾರೆ. ಚೀಟಿಯಲ್ಲಿರುವ ಇಂಗ್ಲಿಷ್ ಅಕ್ಷರ ಓದಲು ಬಾರದಿದ್ದರೆ ವೈದ್ಯರನ್ನೋ ಔಷಧ ಅಂಗಡಿಯವರನ್ನೋ ಕೇಳಿ, ವಾರದ ಆ ದಿನವನ್ನು ಕನ್ನಡದಲ್ಲೋ ತೆಲುಗಿನಲ್ಲೋ ಬರೆಸಿಕೊಳ್ಳಿ. ಕೇಳಲು ಸಂಕೋಚ ಬೇಡ.

ತುರ್ಕುವಿನವರಿಗೂ ಸಿಡಿ 73 ಹಳೆಯ ಪರಿಚಯ. ಗೋಡೆಯ ಮೇಲೆ ಈ ಕಿಣ್ವ ಹೆಚ್ಚಿದರೆ ಶ್ವಾಸಕೋಶದ ಸೋರಿಕೆ ನಿಲ್ಲಬಹುದಲ್ಲ ಎಂದು ಅವರು ಯೋಚಿಸಿದರು. ಇಲ್ಲಿ ಉಪಾಯವೇ ತಿರುಗುಮುರುಗು. ವ್ಯಾಪ್-1ನ್ನು ತಡೆಯಬೇಕಾಗಿತ್ತು, ಸಿಡಿ 73ನ್ನು ಬೆಳೆಸಬೇಕಾಗಿತ್ತು. ಇಂಟರ್‌ಫೆರಾನ್ ಬೀಟಾ ಎಂಬ ಔಷಧ ಅದನ್ನು ಬೆಳೆಸುತ್ತದೆಂದು ಗೊತ್ತಾಯಿತು. ಸೋಂಕಿನಿಂದಲೋ ಪೆಟ್ಟಿನಿಂದಲೋ ಶ್ವಾಸಕೋಶದ ನಾಳಗಳು ಸೋರಿ, ರೋಗಿಗೆ ವೆಂಟಿಲೇಟರ್ ಹಾಕಬೇಕಾಗುವ ಎಆರ್‌ಡಿಎಸ್ ಎಂಬ ಸ್ಥಿತಿಗೆ ಇದನ್ನು ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಕೊಟ್ಟು ನೋಡಿದರು. 2014ರಲ್ಲಿ ಪ್ರಕಟವಾದ ಫಲಿತಾಂಶ ಆಶಾದಾಯಕವಾಗಿತ್ತು. ಔಷಧ ಪಡೆದ 37 ಮಂದಿಯಲ್ಲಿ 28 ದಿನದೊಳಗೆ ಸತ್ತವರು ನೂರಕ್ಕೆ 8ರಂತೆ. ಪಡೆಯದ 59 ಮಂದಿಯಲ್ಲಿ ನೂರಕ್ಕೆ 32ರಂತೆ.

ಆದರೆ ಆ ಪರೀಕ್ಷೆಯಲ್ಲಿ ಯಾರಿಗೆ ಔಷಧ ಕೊಟ್ಟಿದೆಯೆಂದು ವೈದ್ಯರಿಗೆ ತಿಳಿದಿತ್ತು, ರೋಗಿಗಳನ್ನು ಚೀಟಿ ಎತ್ತಿದಂತೆ ಹಂಚಿರಲಿಲ್ಲ. ಆದ್ದರಿಂದ ದೊಡ್ಡ ಪರೀಕ್ಷೆ ಬೇಕಾಯಿತು. 2015ರ ಡಿಸೆಂಬರಿನಿಂದ 2017ರ ಡಿಸೆಂಬರಿನವರೆಗೆ ಯೂರೋಪಿನ ಎಂಟು ದೇಶಗಳ 74 ತೀವ್ರನಿಗಾ ಘಟಕಗಳಲ್ಲಿ 301 ರೋಗಿಗಳನ್ನು ಸೇರಿಸಿಕೊಂಡರು. ಅರ್ಧದಷ್ಟು ಜನಕ್ಕೆ ಔಷಧ, ಇನ್ನರ್ಧಕ್ಕೆ ಔಷಧವಿಲ್ಲದ ಹುಸಿ ಮದ್ದು. ಯಾರಿಗೆ ಯಾವುದು ಎಂಬುದು ಗುಟ್ಟು. ಗುಟ್ಟು ಒಡೆದು ಲೆಕ್ಕ ಮಾಡಿದಾಗ, ಔಷಧ ಪಡೆದವರಲ್ಲಿ 28 ದಿನದೊಳಗೆ ಸತ್ತವರು ನೂರಕ್ಕೆ 26.4, ಪಡೆಯದವರಲ್ಲಿ 23. ಔಷಧ ಗೆಲ್ಲಲಿಲ್ಲ. ಆ ಫಲಿತಾಂಶವನ್ನು ಅವರು ಮುಚ್ಚಿಡದೆ 2020ರಲ್ಲಿ ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು.

ಬ್ಯಾಂಕಿನಲ್ಲಿ ದಿನದ ಲೆಕ್ಕ ತಾಳೆಯಾಗದಿದ್ದರೆ ಪುಸ್ತಕ ಮುಚ್ಚಿ ಮನೆಗೆ ಹೋಗುವಂತಿಲ್ಲ. ಒಂದೊಂದೇ ಚೀಟಿ ತಿರುವಿ ನೋಡಬೇಕು. ತುರ್ಕುವಿನವರೂ ಹಾಗೆ ಮಾಡಿದರು. ರೋಗಿಗಳ ಚೀಟಿಗಳನ್ನು ಮತ್ತೆ ತಿರುವಿದಾಗ ಒಂದು ಸಂಗತಿ ಕಂಡಿತು. ಅನೇಕ ರೋಗಿಗಳಿಗೆ ಇಂಟರ್‌ಫೆರಾನಿನ ಜೊತೆಗೆ ಸ್ಟೀರಾಯ್ಡನ್ನೂ ಕೊಟ್ಟಿದ್ದರು. ಎರಡೂ ಸೇರಿದ ಕಡೆ ಸಾವು ಹೆಚ್ಚಾಗಿತ್ತು. ಮನುಷ್ಯರ ಶ್ವಾಸಕೋಶದ ತುಣುಕುಗಳನ್ನು ಪ್ರಯೋಗಶಾಲೆಯಲ್ಲಿಟ್ಟು ಪರೀಕ್ಷಿಸಿದರೆ, ಸ್ಟೀರಾಯ್ಡ್ ಇದ್ದಾಗ ಇಂಟರ್‌ಫೆರಾನಿನಿಂದ ಸಿಡಿ 73 ಏರುವುದೇ ಇಲ್ಲ. ಒಬ್ಬರು ಬಾಗಿಲು ಎಳೆಯುತ್ತಿದ್ದರೆ ಇನ್ನೊಬ್ಬರು ತಳ್ಳುತ್ತಿದ್ದರು. ಮುಗಿದ ಪರೀಕ್ಷೆಯ ಲೆಕ್ಕವನ್ನು ಹಿಂದಿನಿಂದ ನೋಡಿ ಹೇಳಿದ ಈ ಕಾರಣ ಪೂರ್ಣ ಸಾಕ್ಷಿಯಾಗುವುದಿಲ್ಲ. ಆದರೂ ಮುಂದಿನ ದಾರಿಗೆ ಅದೊಂದು ಕೈಮರ.

ಹಾಗೆಂದು ಸ್ಟೀರಾಯ್ಡ್ ವಿಷವೆಂದು ಯಾರೂ ತಿಳಿಯಬಾರದು. ಅದೇ 2020ರ ಜೂನ್ ತಿಂಗಳಿನಲ್ಲಿ, ಕೋವಿಡ್ ಕಾಲದಲ್ಲಿ, ಬ್ರಿಟನ್ನಿನ ರಿಕವರಿ ಎಂಬ ದೊಡ್ಡ ಪರೀಕ್ಷೆ ಡೆಕ್ಸಾಮೆಥಸೋನ್ ಎಂಬ ಅಗ್ಗದ ಸ್ಟೀರಾಯ್ಡಿನ ಫಲವನ್ನು ತಿಳಿಸಿತು. ವೆಂಟಿಲೇಟರ್ ಮೇಲಿದ್ದವರಲ್ಲಿ ನೂರಕ್ಕೆ 41ರಷ್ಟಿದ್ದ ಸಾವು 29ಕ್ಕೆ ಇಳಿದಿತ್ತು. ಆಮ್ಲಜನಕವೇ ಬೇಕಾಗದ ರೋಗಿಗಳಿಗೆ ಮಾತ್ರ ಅದರಿಂದ ಪ್ರಯೋಜನವಾಗಲಿಲ್ಲ. ಒಂದೇ ಮದ್ದು ಒಬ್ಬರಿಗೆ ಪ್ರಾಣ, ಇನ್ನೊಬ್ಬರಿಗೆ ಅಡ್ಡಿ. ಯಾರಿಗೆ, ಯಾವಾಗ, ಯಾವುದರ ಜೊತೆ ಎಂಬ ಮೂರು ಪ್ರಶ್ನೆಗಳಲ್ಲಿ ಎಲ್ಲವೂ ಇದೆ. ನಮ್ಮ ಕಡೆ ಸಂತೆಗೆ ಹೋದವರು ಕೀಲುನೋವಿಗೆಂದು ಹೆಸರಿಲ್ಲದ ಪೊಟ್ಟಣದ ಗುಳಿಗೆ ತರುವುದುಂಟು, ಕಲಿಯದವರ ಕೈಯಲ್ಲಿ ಸೂಜಿ ಹಾಕಿಸಿಕೊಳ್ಳುವುದುಂಟು. ಎರಡೇ ದಿನದಲ್ಲಿ ನೋವು ಮಾಯವಾದರೆ ಅದರಲ್ಲಿ ಸ್ಟೀರಾಯ್ಡ್ ಇರಬಹುದು. ಆ ಸುಖಕ್ಕೆ ಬೆಲೆಯಾಗಿ ಸಕ್ಕರೆ ಏರುತ್ತದೆ, ಎಲುಬು ಸವೆಯುತ್ತದೆ, ಮುಖ ಊದುತ್ತದೆ. ಬಹುಕಾಲ ತೆಗೆದುಕೊಂಡವರು ತಟ್ಟನೆ ನಿಲ್ಲಿಸಿದರೂ ಅಪಾಯವೇ. ಅಂಥವರು ವೈದ್ಯರ ಬಳಿ ಹೋಗಿ ಪೊಟ್ಟಣ ತೋರಿಸಿ, ಅವರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು.

ಈಗ ಒಟ್ಟು ಲೆಕ್ಕ ನೋಡೋಣ. ಜಮೆಯ ಕಡೆಯಲ್ಲಿ ಹಾವಿನ ವಿಷದಿಂದ ಬಂದ ಬಿಪಿ ಗುಳಿಗೆಗಳಿವೆ. ಕಾರಣ ತಿಳಿಯುವ ಮೊದಲೇ ಕೆಲಸ ಮಾಡಿದ ಮೆಥೊಟ್ರೆಕ್ಸೇಟ್ ಇದೆ. ಖರ್ಚಿನ ಕಡೆಯಲ್ಲಿ ವ್ಯಾಪ್-1ರ ವಿಫಲ ಪರೀಕ್ಷೆಗಳಿವೆ, ಕಾರಣ ಸರಿಯಿದ್ದೂ ಗೆಲ್ಲದ ಇಂಟರ್‌ಫೆರಾನ್ ಇದೆ. ಆ 301 ರೋಗಿಗಳಲ್ಲಿ ಉಸಿರಿಗಾಗಿ ಸೆಣಸುತ್ತಿದ್ದವರ ಪರವಾಗಿ ಮನೆಯವರು ಒಪ್ಪಿಗೆ ಕೊಟ್ಟದ್ದುಂಟು. ತಮ್ಮವರಿಗೆ ಸಿಗುವುದು ಔಷಧವೋ ಹುಸಿ ಮದ್ದೋ ಎಂಬುದು ಅವರಿಗೆ ಗೊತ್ತಿರಲಿಲ್ಲ. ಯಾವ ಪುಸ್ತಕದಲ್ಲಿಯೂ ಅವರ ಹೆಸರಿಲ್ಲ. ಔಷಧದ ಚರಿತ್ರೆಯಲ್ಲಿ ಮೆಚ್ನಿಕಾಫರಷ್ಟೇ ಅವರಿಗೂ ಜಾಗವಿರಬೇಕೆಂದು ನನ್ನ ಎಣಿಕೆ.

ಗೋಡೆಯಲ್ಲಿ ಏನೋ ಬದಲಾಗುತ್ತದೆ ಎಂದು 1867ರ ಕಪ್ಪೆಯನ್ನು ನೋಡಿ ತರ್ಕಿಸಿದ ಕೋನ್‌ಹೈಮ್ ಅವರಿಗೆ ಈಗ ಉತ್ತರ ಹೇಳಬಹುದು. ಏನು ಬದಲಾಗುತ್ತದೆಂದು ಬಹುಮಟ್ಟಿಗೆ ತಿಳಿದಿದೆ. ಅದನ್ನು ನಮ್ಮ ಇಷ್ಟದಂತೆ ಬದಲಾಯಿಸುವುದು ಇನ್ನೂ ಸ್ವಲ್ಪ ಮಟ್ಟಿಗೆ ಮಾತ್ರ ಸಾಧ್ಯವಾಗಿದೆ. ಉಳಿದದ್ದನ್ನು ಮುಂದಿನವರು ಮಾಡುತ್ತಾರೆ. ಅವರಲ್ಲಿ ನಮ್ಮ ಗಡಿಯ ಶಾಲೆಗಳಲ್ಲಿ ಕನ್ನಡವನ್ನೂ ತೆಲುಗನ್ನೂ ಓದುತ್ತಿರುವ ಮಕ್ಕಳೂ ಇರಬಾರದೇಕೆ? ಭೀಮವರದ ಹುಡುಗನೊಬ್ಬ ನಡೆದ ದಾರಿ ಅದು.